ಬಚ್ಚಲ ಟೈಲ್ಸಿನ ಕೆಳಗೆ

ಮಾರ್ಚ್ ಕಳೆಯಿತೆಂದರೆ ಟೈಲ್ಸ್ ಹೊತ್ತ ಲಾರಿಗಳು ಮಲೆನಾಡಿನ ಘಾಟಿಗಳನ್ನು ಏರತೊಡಗುತ್ತವೆ. ಗುಜರಾತಿನ ಮೋರ್ಬಿಯ ಗೂಡುಗಳಲ್ಲಿ ಬೆಂದ ಹೊಳಪಿನ ಬಿಲ್ಲೆಗಳು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಕ್ರಮಿಸಿ ಸಾಗರ, ಶಿರಸಿ, ತೀರ್ಥಹಳ್ಳಿ, ಕೊಪ್ಪಗಳ ಅಂಗಡಿಗಳ ಮುಂದೆ ಇಳಿಯುತ್ತವೆ. ಅಡಿಕೆಗೆ ಧಾರಣೆ ಬಂದ ವರ್ಷ ಮನೆಯಲ್ಲಿ ಮೊದಲು ಕೈಹಚ್ಚುವ ಕೆಲಸ ಬಚ್ಚಲಿನದು. ಮೇ ತಿಂಗಳಲ್ಲಿ ಮದುವೆಯೋ ಉಪನಯನವೋ ಗೊತ್ತಾಗಿದ್ದರಂತೂ ಮೇಸ್ತ್ರಿಗೆ ಎರಡೇ ವಾರದ ಗಡುವು. ಮೃಗಶಿರಾ ಮಳೆ ಹಿಡಿಯುವುದರೊಳಗೆ ಎಲ್ಲವೂ ಮುಗಿಯಬೇಕು.

ಟೈಲ್ಸಿನ ಬಣ್ಣ ಆರಿಸಲು ಮನೆಮಂದಿಯೆಲ್ಲ ಅಂಗಡಿಯಲ್ಲಿ ಅರ್ಧ ದಿನ ಕಳೆಯುತ್ತಾರೆ. ಅದರ ಕೆಳಗೆ ಏನು ಹಾಕುತ್ತೀರಿ ಎಂದು ಮೇಸ್ತ್ರಿಯನ್ನು ಕೇಳಲು ಅರ್ಧ ನಿಮಿಷವನ್ನೂ ವ್ಯಯಿಸುವುದಿಲ್ಲ. ಟೈಲ್ಸಿನ ದಪ್ಪ ಹೆಚ್ಚೆಂದರೆ ಒಂದು ಸೆಂಟಿಮೀಟರ್. ಅದರಡಿಯ ಎರಡು ಮೂರು ಅಡಿ ಮಣ್ಣಿನಲ್ಲಿ ನಡೆಯುವುದೇನಿದೆಯೋ ಅದು ಬಾವಿಗೆ, ತೋಟದ ಕಪ್ಪಿಗೆ, ಮನೆಯ ಹಿಂದಿನ ಧರೆಗೆ ನೇರವಾಗಿ ಸಂಬಂಧಿಸಿದ್ದು. ಪಶ್ಚಿಮಘಟ್ಟದ ಪರಿಸರ ಚಳವಳಿ ಅಣೆಕಟ್ಟುಗಳ ವಿರುದ್ಧ, ಗಣಿಗಳ ವಿರುದ್ಧ, ನೀಲಗಿರಿ ನೆಡುತೋಪುಗಳ ವಿರುದ್ಧ ದನಿಯೆತ್ತಿದೆ, ಎತ್ತಲೇಬೇಕಿತ್ತು. ಆದರೆ ಸಭೆ ಮುಗಿಸಿ ಮನೆಗೆ ಮರಳಿದ ಕಾರ್ಯಕರ್ತನ ಸ್ವಂತ ಬಚ್ಚಲ ನೆಲದೊಳಗೆ ಯಾವ ವಿಷ ಸುರಿಯಲಾಗಿದೆ ಎಂಬ ಪ್ರಶ್ನೆ ಆ ಸಭೆಗಳಲ್ಲಿ ಎಂದೂ ಬಂದದ್ದಿಲ್ಲ.

ಮೊದಲಿಗೆ ಚಳವಳಿಯೊಳಗಿನದೇ ಒಂದು ಭಾವುಕತೆಯನ್ನು ಬದಿಗಿರಿಸಬೇಕಾಗಿದೆ. ಟೈಲ್ಸ್ ಎಂಬುದೇ ಪಾಪ, ಅಜ್ಜಿಯ ಕಾಲದ ಚಪ್ಪಡಿ ಕಲ್ಲಿನ ಬಚ್ಚಲೇ ಪರಿಸರಸ್ನೇಹಿ ಎಂದು ಬರೆಯುವವರಿದ್ದಾರೆ. ಆ ಬಚ್ಚಲಿನ ಹಂಡೆಯಡಿ ವರ್ಷವಿಡೀ ಉರಿದ ಸೌದೆ ಎಲ್ಲಿಂದ ಬರುತ್ತಿತ್ತೆಂಬುದನ್ನು, ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಸೊಂಟ ಮುರಿದುಕೊಂಡ ಮುದುಕಿಯರನ್ನು ಅವರು ಮರೆತಿರುತ್ತಾರೆ. ಕೆಂಪು ರೆಡ್ ಆಕ್ಸೈಡ್ ನೆಲವನ್ನು ಹಾಡಿ ಹೊಗಳುವವರಿಗೆ ಅದರಲ್ಲಿಯೂ ಸಿಮೆಂಟೇ ಇರುವುದು ನೆನಪಿರುವುದಿಲ್ಲ. ವಯಸ್ಸಾದವರಿರುವ ಮನೆಯಲ್ಲಿ ತೊಳೆಯಲು ಸುಲಭವಾದ, ಕಾಲು ಜಾರದ ಒರಟು ಮೈಯ ಟೈಲ್ಸ್ ಹಾಕಿಸುವುದು ನ್ಯಾಯವಾದ ಅಪೇಕ್ಷೆ. ಇಲ್ಲಿನ ತಕರಾರು ಟೈಲ್ಸಿನ ಮೇಲೆ ಅಲ್ಲ, ಅದರ ಕೆಳಗಿನ ನೆಲವನ್ನು ಅಣಿಗೊಳಿಸುವ ರೀತಿಯ ಮೇಲೆ.

ಹಳೆಯ ಬಚ್ಚಲಿನ ಒಂದು ಗುಣವನ್ನಾದರೂ ಒಪ್ಪಲೇಬೇಕು. ಅದು ಮನೆಯ ಅಂಚಿನಲ್ಲಿ, ಬಹುಪಾಲು ಹಿತ್ತಿಲ ಕಡೆಗೆ ಇರುತ್ತಿತ್ತು. ಕಲ್ಲುಗಳ ಸಂದಿಯಲ್ಲಿ ನೀರು ಇಳಿದರೂ ಅದು ಸೇರುತ್ತಿದ್ದುದು ಬಾಳೆಯ ಬುಡಕ್ಕೆ, ಕೆಸುವಿನ ಪಾತಿಗೆ. ಸೋರುವುದು ಅದರ ದೋಷವಾಗಿರಲಿಲ್ಲ. ಈಗ ಬಚ್ಚಲು ಮಲಗುವ ಕೋಣೆಗೆ ಅಂಟಿಕೊಂಡು ಮನೆಯ ನಡುವಿಗೆ ಬಂದಿದೆ. ಪಂಚಾಂಗದ ಎತ್ತರ ಮೂರಡಿಗೆ ಏರಿದೆ. ಆ ಎತ್ತರವನ್ನು ತುಂಬಲು ಮಣ್ಣು ಬೇಕು. ಅದರ ಮೇಲೆ ದಿನಕ್ಕೆ ನೂರಾರು ಲೀಟರ್ ನೀರು ಬೀಳುತ್ತದೆ. ಬಚ್ಚಲು ಒಳಗೆ ಬಂದಿತು. ನೆಲ ಕಟ್ಟುವ ಅಭ್ಯಾಸ ಮಾತ್ರ ಹೊರಗಿನ ಬಚ್ಚಲಿನದೇ ಉಳಿಯಿತು.

ಧರೆ ಕಡಿದು ತಂದ ಮಣ್ಣು

ತುಂಬುವ ಮಣ್ಣು ಎಲ್ಲಿಂದ ಬರುತ್ತದೆ? ಹತ್ತರಲ್ಲಿ ಎಂಟು ಮನೆಗಳ ಉತ್ತರ ಒಂದೇ: ಹಿಂದಿನ ಧರೆಯಿಂದ. ಜೆಸಿಬಿ ಅಂಗಳಕ್ಕೆ ಬಂದಿರುತ್ತದೆ, ಗಂಟೆಯ ಲೆಕ್ಕದ ಬಾಡಿಗೆ, ಧರೆಯ ಬುಡದಿಂದ ನಾಲ್ಕು ಬಕೆಟ್ ಹೆಚ್ಚಿಗೆ ಕೆರೆದರೆ ಬಚ್ಚಲೂ ತುಂಬುತ್ತದೆ, ಕಾರು ನಿಲ್ಲಿಸಲು ಜಾಗವೂ ಆಗುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದವು. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಜೀವಗಳು ಹೋದವು. ಆಗ ಇಡೀ ಮಲೆನಾಡು ಹೆದ್ದಾರಿ ಕಡಿದವರನ್ನು ಬೈಯಿತು. ಇಳಿಜಾರಿನ ಬುಡ ಕಡಿದರೆ ಮೇಲಿನದು ನಿಲ್ಲುವುದಿಲ್ಲವೆಂಬ ನಿಯಮ ಹೆದ್ದಾರಿಗೆ ಹೇಗೋ ಬಚ್ಚಲಿನ ಹಿಂದಿನ ಹತ್ತಡಿ ಧರೆಗೂ ಹಾಗೆಯೇ ಅನ್ವಯಿಸುತ್ತದೆ.

ಧರೆಯ ಬುಡದಿಂದ ಬರುವ ಮಣ್ಣಿನ ಸ್ವಭಾವವನ್ನೂ ಗಮನಿಸಬೇಕು. ಮಲೆನಾಡು ಮತ್ತು ಕರಾವಳಿಯಲ್ಲಿ ಮೇಲೆ ಗಟ್ಟಿಯಾದ ಜಂಬಿಟ್ಟಿಗೆಯ ಪದರವಿದ್ದರೆ ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಶೇಡಿ ಮಣ್ಣು ಇರುತ್ತದೆ. ಹಬ್ಬಕ್ಕೆ ಮುನ್ನ ಗೋಡೆಗೆ ಬಳಿಯುತ್ತಿದ್ದುದು ಇದನ್ನೇ. ಒಣಗಿದ್ದಾಗ ಗುದ್ದಲಿಗೂ ಬಗ್ಗದಷ್ಟು ಗಟ್ಟಿ. ನೀರು ತಾಗಿತೆಂದರೆ ಬೆಣ್ಣೆಯಂತೆ ಸಡಿಲ. ಏಪ್ರಿಲ್‌ನಲ್ಲಿ ಕಡಿದು ತುಂಬುವಾಗ ಇಂಥ ಗಟ್ಟಿ ಮಣ್ಣು ಬೇರೆಲ್ಲಿ ಸಿಕ್ಕೀತು ಎಂದು ಮೇಸ್ತ್ರಿಗೂ ಅನ್ನಿಸುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ತುಂಬು ಕುಸಿದು ಕಾಂಕ್ರೀಟಿನ ಕೆಳಗೆ ಪೊಳ್ಳಾಗುತ್ತದೆ, ನೆಲ ಬಿರಿಯುತ್ತದೆ, ನೀರು ಇನ್ನಷ್ಟು ಇಳಿಯುತ್ತದೆ, ಇನ್ನಷ್ಟು ಕುಸಿಯುತ್ತದೆ. ಟೈಲ್ಸನ್ನು ನಾಣ್ಯದಿಂದ ಬಡಿದು ನೋಡಿದರೆ ಕೊಡದಂತೆ ದನಿಗೊಡುವ ಬಚ್ಚಲುಗಳ ಕೆಳಗಿನ ಕಥೆ ಬಹುಮಟ್ಟಿಗೆ ಇದೇ.

ಇದಕ್ಕೆ ಪರಿಹಾರ ದೂರದಲ್ಲಿಲ್ಲ. ಚಿರೆಕಲ್ಲು ಕಡಿಯುವ ಪ್ರತಿ ಕ್ವಾರಿಯಲ್ಲಿಯೂ ಒಡೆದ ಚೂರು, ಹುಡಿ ರಾಶಿ ಬಿದ್ದಿರುತ್ತದೆ. ಮಳೆಗಾಲದಲ್ಲಿ ಅದು ಹಳ್ಳಕ್ಕೆ ಹರಿದು ಕೆಂಪು ರಾಡಿ ಮಾಡುತ್ತದೆ. ಬಚ್ಚಲು ತುಂಬಲು ಅದಕ್ಕಿಂತ ಒಳ್ಳೆಯ ವಸ್ತುವಿಲ್ಲ. ಹರಳು ಹರಳಾದ ಈ ಹುಡಿಯನ್ನು ಒಂದೊಂದು ಪದರಕ್ಕೆ ಅರ್ಧ ಅಡಿಯಂತೆ ಹರಡಿ, ಹದವಾಗಿ ನೀರು ಚಿಮುಕಿಸಿ, ಧಮ್ಮಸ್ಸು ಹೊಡೆಯಬೇಕು. ಹದವೆಂದರೆ ಮುಷ್ಟಿಯಲ್ಲಿ ಹಿಡಿದು ಒತ್ತಿದಾಗ ಉಂಡೆಯಾಗಬೇಕು, ಬೆರಳಿಗೆ ನೀರು ಇಳಿಯಬಾರದು. ಮೂರಡಿ ಮಣ್ಣನ್ನು ಒಮ್ಮೆಗೇ ಸುರಿದು ಮೇಲೆ ಪೈಪಿನಲ್ಲಿ ನೀರು ಬಿಟ್ಟು 'ಕುಳಿತುಕೊಳ್ಳಲಿ' ಎನ್ನುವುದು ಧಮ್ಮಸ್ಸಲ್ಲ, ಕೆಸರು ಮಾಡುವುದು. ತುಂಬಿನಲ್ಲಿ ಬೇರು, ಮರದ ಚಕ್ಕೆ, ಸೆಂಟ್ರಿಂಗ್ ಹಲಗೆಯ ತುಂಡು ಒಂದೂ ಉಳಿಯಬಾರದು. ಹೀಗೇಕೆಂಬುದು ಒರಲೆಯ ವಿಚಾರಕ್ಕೆ ಬಂದಾಗ ತಿಳಿಯುತ್ತದೆ.

ಮೂರು ಚದರ ಮೀಟರಿಗೆ ಒಂದು ಎಕರೆಯ ವಿಷ

ಮಣ್ಣು ತುಂಬಿಯಾದ ಮೇಲೆ, ಕಾಂಕ್ರೀಟ್ ಸುರಿಯುವ ಮೊದಲು, ಈಗ ಬಹುತೇಕ ಮನೆಗಳಲ್ಲಿ ನಡೆಯುವ ಒಂದು ಕ್ರಿಯೆಯಿದೆ. ಅದಕ್ಕೆ 'ಆಂಟಿ-ಟರ್ಮೈಟ್' ಎಂದು ಹೆಸರು. ಪೇಟೆಯಿಂದ ಕಂಪನಿಯವರು ಬಂದು ಮಾಡುವುದುಂಟು. ಹಳ್ಳಿಗಳಲ್ಲಿ ಅಷ್ಟು ಖರ್ಚು ಏಕೆಂದು ಮನೆಯವರೇ ಅಟ್ಟದಿಂದ ಬಾಟಲಿ ಇಳಿಸುತ್ತಾರೆ. ಅಡಿಕೆಯ ಬೇರುಹುಳುವಿಗೆಂದು ತಂದು ಉಳಿದ ಕ್ಲೋರ್‌ಪೈರಿಫಾಸ್ ಅದು. ಬಕೆಟ್ಟಿನಲ್ಲಿ ಕಲಕಿ, ಚೊಂಬಿನಲ್ಲಿ ಮೊಗೆದು ಮಣ್ಣಿನ ಮೇಲೆ ಎರಚುವವರು ಉತ್ತರ ಕರ್ನಾಟಕದಿಂದಲೋ ದೂರದ ರಾಜ್ಯಗಳಿಂದಲೋ ದುಡಿಯಲು ಬಂದ ಹುಡುಗರು. ಕೈಗೆ ಗವಸಿಲ್ಲ, ಕಾಲಿಗೆ ಚಪ್ಪಲಿಯಿಲ್ಲ. ಕಿಟಕಿಯಿಲ್ಲದ ನಾಲ್ಕು ಗೋಡೆಗಳ ನಡುವೆ ಬಗ್ಗಿ ನಿಂತು ಮಾಡುವ ಕೆಲಸ.

ಎಷ್ಟು ಸುರಿಯುತ್ತಾರೆ ಎಂಬ ಲೆಕ್ಕವನ್ನು ಒಮ್ಮೆ ಹಾಕಬೇಕು. ಕಟ್ಟಡಗಳ ಒರಲೆ ನಿವಾರಣೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 6313 ಎಂಬ ಮಾನಕವಿದೆ. ಅದರ ಪ್ರಕಾರ ಶೇಕಡಾ 20ರ ದ್ರಾವಣದ ಒಂದು ಭಾಗಕ್ಕೆ 19 ಭಾಗ ನೀರು ಸೇರಿಸಿ, ಶೇಕಡಾ ಒಂದರ ಹದ ಮಾಡಿ, ಪಂಚಾಂಗದ ತುಂಬಿನ ಮೇಲೆ ಪ್ರತಿ ಚದರ ಮೀಟರಿಗೆ 5 ಲೀಟರ್ ಸುರಿಯಬೇಕು. ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಸಣ್ಣ ಬಚ್ಚಲು ಮೂರು ಚದರ ಮೀಟರ್. ಅದಕ್ಕೆ 15 ಲೀಟರ್ ದ್ರಾವಣ. ಅದರಲ್ಲಿರುವ ಅಪ್ಪಟ ವಿಷ 150 ಗ್ರಾಂ. ಇದೇ ಕೀಟನಾಶಕವನ್ನು ಭತ್ತದ ಗದ್ದೆಗೆ ಶಿಫಾರಸು ಮಾಡಿದ್ದು ಹೆಕ್ಟೇರಿಗೆ 250ರಿಂದ 375 ಗ್ರಾಂ, ಎಂದರೆ ಎಕರೆಗೆ ಸುಮಾರು 100ರಿಂದ 150 ಗ್ರಾಂ. ಒಂದು ಎಕರೆ ಗದ್ದೆಗೆ ಹೊಡೆಯುವಷ್ಟು ವಿಷವನ್ನು ಒಂದು ಬಚ್ಚಲಿನ ನೆಲದೊಳಗೆ ಹೂಳಲಾಗುತ್ತದೆ! ಗೋಡೆಯ ಪಾಯದ ಬದಿಗೆ ಸುರಿಯುವುದು ಇದರ ಹೊರತು. ಅಳತೆ ಮೀರದೆ, ಮಾನಕದಂತೆಯೇ ಸುರಿದರೆ ಬರುವ ಲೆಕ್ಕ ಇದು. ಚೊಂಬಿನ ಅಂದಾಜಿನಲ್ಲಿ ಎಷ್ಟಾಗುವುದೆಂದು ಬೇರೆ ಹೇಳಬೇಕಿಲ್ಲ.

ಅದೇ ಮಾನಕದಲ್ಲಿ ಇನ್ನೆರಡು ಮಾತುಗಳಿವೆ. ಅವನ್ನು ಮಾತ್ರ ಯಾರೂ ಓದಿ ಹೇಳುವುದಿಲ್ಲ. ಕುಡಿಯುವ ನೀರಿನ ಬಾವಿಗೆ, ಒರತೆಗೆ ಈ ರಾಸಾಯನಿಕ ಸೇರದಂತೆ ಎಚ್ಚರ ವಹಿಸಬೇಕೆಂಬುದು ಒಂದು. ಮಳೆ ಬರುತ್ತಿರುವಾಗ, ಮಣ್ಣು ಮಳೆಯಿಂದ ತೊಯ್ದಿರುವಾಗ ಹಾಕಬಾರದೆಂಬುದು ಇನ್ನೊಂದು. ಮಲೆನಾಡಿನಲ್ಲಿ ಬಾವಿಗೂ ಬಚ್ಚಲಿಗೂ ನಡುವೆ ಎಷ್ಟು ಅಂತರವಿರುತ್ತದೆ? ನೀರು ಹೊರುವ ಶ್ರಮ ಉಳಿಯಲೆಂದು ಹಿರಿಯರು ಬಾವಿಯ ಪಕ್ಕದಲ್ಲಿಯೇ ಬಚ್ಚಲು ಕಟ್ಟಿದ ಮನೆಗಳು ಊರೂರಿಗೂ ಇವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಜುಲೈ ತಿಂಗಳಲ್ಲಿ ಮಲೆನಾಡಿನ ಎಷ್ಟೋ ಬಾವಿಗಳ ನೀರು ಕೈಗೆಟಕುವಷ್ಟು ಮೇಲೆ ಬಂದಿರುತ್ತದೆ. ಬಚ್ಚಲ ತುಂಬಿನ ಬುಡಕ್ಕೂ ಆ ನೀರಿಗೂ ಆಗ ಹೆಚ್ಚಿನ ಅಂತರ ಉಳಿದಿರುವುದಿಲ್ಲ.

ಮಾರುವವರು ಇದಕ್ಕೆ ಒಂದು ಉತ್ತರ ಇಟ್ಟುಕೊಂಡಿದ್ದಾರೆ: 'ಈ ಔಷಧಿ ಮಣ್ಣಿಗೆ ಅಂಟಿಕೊಳ್ಳುತ್ತದೆ, ಎಲ್ಲಿಗೂ ಹೋಗುವುದಿಲ್ಲ.' ಅರ್ಧ ಸತ್ಯ ಸುಳ್ಳಿಗಿಂತ ಅಪಾಯಕಾರಿ. ಕ್ಲೋರ್‌ಪೈರಿಫಾಸ್ ನೀರಿನಲ್ಲಿ ಕರಗುವುದು ಅತ್ಯಲ್ಪ, ಮಣ್ಣಿಗೆ ಬಲವಾಗಿ ಅಂಟುತ್ತದೆ, ಅದು ನಿಜ. ಆದರೆ ಅದು ಅಂಟಿಕೊಳ್ಳುವುದು ಮುಖ್ಯವಾಗಿ ಮಣ್ಣಿನ ಸಾವಯವ ಇಂಗಾಲಕ್ಕೆ. ತೋಟದ ಮೇಲ್ಮಣ್ಣಿನಲ್ಲಿ ಅದು ಸಾಕಷ್ಟಿದೆ. ಧರೆಯ ಒಡಲಿಂದ ಕಡಿದು ತಂದ ಮಣ್ಣಿನಲ್ಲಿ ಸಾವಯವ ಇಂಗಾಲ ನಾಮಮಾತ್ರಕ್ಕೆ. ಜಂಬಿಟ್ಟಿಗೆಯಂತೂ ಜೇನುಗೂಡಿನಂತೆ ತೂತು ಕೊಳವೆಗಳಿಂದ ತುಂಬಿದ್ದು. ಅದರಲ್ಲಿ ನೀರು ಸೋಸಿ ಇಳಿಯುವುದಿಲ್ಲ, ಹರಿದು ಇಳಿಯುತ್ತದೆ. ಹಾಗೆ ಹರಿಯುವಾಗ ವಿಷ ಅಂಟಿದ ಮಣ್ಣಿನ ಕಣವೂ ಜೊತೆಗೆ ಹೋಗುತ್ತದೆ. ಜೊತೆಗೆ, ಕ್ಲೋರ್‌ಪೈರಿಫಾಸ್ ಒಡೆದಾಗ ಹುಟ್ಟುವ ಟ್ರೈಕ್ಲೋರೋಪಿರಿಡಿನಾಲ್ ಎಂಬ ವಸ್ತು ಮೂಲಕ್ಕಿಂತ ಹೆಚ್ಚು ಸಲೀಸಾಗಿ ನೀರಿನೊಡನೆ ಚಲಿಸುತ್ತದೆ. ಮೀನು, ಏಡಿ, ನೀರಿನ ಕೀಟಗಳಿಗೆ ಕ್ಲೋರ್‌ಪೈರಿಫಾಸ್ ಅತಿ ಸಣ್ಣ ಪ್ರಮಾಣದಲ್ಲಿಯೂ ಮಾರಕ. ಮನುಷ್ಯನ ನರಗಳ ಸಂದೇಶ ಸಾಗಿಸುವ ವ್ಯವಸ್ಥೆಗೆ ಬೇಕಾದ ಕಿಣ್ವವನ್ನೇ ಅದು ತಡೆಯುತ್ತದೆ. ಬೆಳೆಯುವ ಮಗುವಿನ ಮಿದುಳಿಗೆ ಹಾನಿ ಮಾಡುತ್ತದೆಂಬ ಆತಂಕ ಅದನ್ನು ಹಲವು ದೇಶಗಳಲ್ಲಿ ಮನೆಯಿಂದ ಹೊರಗಟ್ಟಿತು. ಅಮೆರಿಕದಲ್ಲಿ ಮನೆಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ನಿರ್ಧಾರವಾದದ್ದು 2000ದಲ್ಲಿ. ಹೊಸ ಮನೆಗಳ ಪಾಯಕ್ಕೆ ಸುರಿಯುವುದೂ 2005ರ ಕೊನೆಗೆ ನಿಂತಿತು. 2025ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಇದನ್ನು ಸ್ಟಾಕ್‌ಹೋಮ್ ಒಪ್ಪಂದದಡಿ ಕೈಬಿಡಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿದವು, ಹಲವು ವಿನಾಯಿತಿಗಳೊಂದಿಗೆ. ವಿನಾಯಿತಿಗಳ ಆ ಕಿಂಡಿಯಲ್ಲಿಯೇ ನಮ್ಮ ಅಟ್ಟದ ಬಾಟಲಿ ಇನ್ನೂ ಉಸಿರಾಡುತ್ತಿದೆ.

ಈ ಕಥೆ ಹೊಸದಲ್ಲ. ಒಂದು ಕಾಲದಲ್ಲಿ ಪಾಯಕ್ಕೆ ಆಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್ ಸುರಿಯುತ್ತಿದ್ದರು. ಆಗಲೂ 'ಏನೂ ಆಗುವುದಿಲ್ಲ' ಎಂಬುದೇ ಮಾತು. 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದಕ್ಕೆ ಸಹಿ ಬಿದ್ದಾಗ ಮೊದಲ ಹನ್ನೆರಡರ ಪಟ್ಟಿಯಲ್ಲಿ ಈ ಮೂರೂ ಇದ್ದವು. ಭಾರತದಲ್ಲಿಯೂ ಮೂರೂ ನಿಷೇಧಗೊಂಡಿವೆ. ಎಂಡೋಸಲ್ಫಾನ್ ಬಗ್ಗೆ ಕೊಕ್ಕಡದ ಜನರಿಗೆ ಹೇಳಿದ್ದೂ ಅದೇ ಮಾತು. ಅಲ್ಲಿನ ಮಕ್ಕಳ ಪಾಡನ್ನು ನಾಡೆಲ್ಲ ಕಂಡಾದ ಮೇಲೆ, 2011ರಲ್ಲಿ, ನಿಷೇಧ ಬಂತು. ಈಗ ಕ್ಲೋರ್‌ಪೈರಿಫಾಸಿನ ನಾತ ಸಹಿಸದವರಿಗಾಗಿ ವಾಸನೆಯಿಲ್ಲದ ಇಮಿಡಾಕ್ಲೋಪ್ರಿಡ್ ಬಂದಿದೆ. ಮನೆಯವರಿಗೆ ಸಮಾಧಾನ: ವಾಸನೆಯಿಲ್ಲ, ಆದ್ದರಿಂದ ವಿಷವಿಲ್ಲ. ವಾಸ್ತವದಲ್ಲಿ ಅದು ಕ್ಲೋರ್‌ಪೈರಿಫಾಸಿಗಿಂತ ನೂರಾರು ಪಟ್ಟು ಹೆಚ್ಚು ನೀರಿನಲ್ಲಿ ಕರಗುತ್ತದೆ. ಇಷ್ಟು ಮಳೆ ಬೀಳುವ ಊರಿನಲ್ಲಿ ಬಾವಿಯ ಪಕ್ಕಕ್ಕೆ ಇದಕ್ಕಿಂತ ಅನುಚಿತವಾದ ಆಯ್ಕೆ ಇರಲಾರದು. ಜೇನಿಗೆ ಇದು ಮಾಡುವ ಹಾನಿಯಿಂದಾಗಿಯೇ ಯುರೋಪಿನ ಒಕ್ಕೂಟ 2018ರಲ್ಲಿ ಬಯಲಿನ ಬೆಳೆಗಳ ಮೇಲೆ ಇದರ ಬಳಕೆಯನ್ನು ನಿಷೇಧಿಸಿತು.

ಒರಲೆ ಬರುವುದು ಏಕೆ?

ಮನೆಗೆ ಒರಲೆ ಹಿಡಿದರೆ ಏನು ಗತಿ ಎಂಬ ಪ್ರಶ್ನೆ ಸಹಜ. ತೊಲೆ, ಜಂತಿ, ಬಾಗಿಲ ಚೌಕಟ್ಟುಗಳಲ್ಲಿ ತಲೆಮಾರುಗಳ ಗಳಿಕೆಯಿದೆ. ಅದನ್ನು ಒರಲೆಯ ಬಾಯಿಗೆ ಕೊಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಒರಲೆಗೆ ಟೈಲ್ಸ್ ಬೇಡ, ಸಿಮೆಂಟ್ ಬೇಡ, ಮಣ್ಣೂ ಆಹಾರವಲ್ಲ. ಅದಕ್ಕೆ ಬೇಕಾದದ್ದು ಎರಡೇ: ಸತ್ತ ಮರ ಮತ್ತು ತೇವ. ಬಚ್ಚಲ ತುಂಬಿನಲ್ಲಿ ಉಳಿದ ಬೇರು, ಹಲಗೆಯ ತುಂಡು ಮೊದಲನೆಯದನ್ನು ಒದಗಿಸುತ್ತದೆ. ಸೋರುವ ನೆಲ ಎರಡನೆಯದನ್ನು ವರ್ಷವಿಡೀ ಒದಗಿಸುತ್ತದೆ. ಬೇಸಿಗೆಯಲ್ಲಿ ಗುಡ್ಡವೆಲ್ಲ ಒಣಗಿರುವಾಗ ಸೋರುವ ಬಚ್ಚಲಿನ ಅಡಿಯೊಂದೇ ಒದ್ದೆ. ಒರಲೆ ಅಲ್ಲಿಗೆ ಬಾರದೆ ಇನ್ನೆಲ್ಲಿಗೆ ಹೋದೀತು? ನೆಲವನ್ನು ಸೋರುವಂತೆ ಕಟ್ಟಿ, ಸೋರಿಕೆಗೆ ಬರುವ ಒರಲೆಯನ್ನು ಕೊಲ್ಲಲು ವಿಷ ಸುರಿದು, ಆ ವಿಷವನ್ನು ಅದೇ ಸೋರಿಕೆಯಿಂದ ತೊಳೆದು ಬಾವಿಗೆ ಕಳುಹಿಸುವುದನ್ನು ಈಗ ವೈಜ್ಞಾನಿಕ ಕಟ್ಟಡ ಪದ್ಧತಿ ಎಂದು ಕರೆಯಲಾಗುತ್ತಿದೆ.

ಇನ್ನೊಂದು ಮಾತು. ಮೊದಲ ಮಳೆಗೆ ಏಳುವ ಹೆಗ್ಗಲಣಬೆಯನ್ನು ಸವಿಯುವ ಮಲೆನಾಡಿಗರಿಗೆ ಅದು ಒರಲೆಯ ಬೇಸಾಯದ ಫಲವೆಂಬುದು ಗೊತ್ತಿರಬೇಕು. ಹುತ್ತದೊಳಗೆ ಒರಲೆ ಸಾಕಿದ ಶಿಲೀಂಧ್ರವೇ ಹೊರಗೆ ಅಣಬೆಯಾಗಿ ತಲೆಯೆತ್ತುವುದು. ಬಿದ್ದ ಎಲೆ ಕಡ್ಡಿಯನ್ನು ಮಣ್ಣಾಗಿಸಿ, ಗಟ್ಟಿ ನೆಲದಲ್ಲಿ ನೀರು ಇಂಗಲು ದಾರಿ ಮಾಡುವ ಕೆಲಸ ಅದರದು. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆದು, ಮರುವಾರ ಹುತ್ತ ಕಟ್ಟಿದವರಿಗೆ ವಿಷವೆರೆಯುವುದು ನಮ್ಮ ಸಂಸ್ಕೃತಿ.

ವಿಷವಿಲ್ಲದ ತಡೆಗೋಡೆಗಳಿಗೆ ದೇಶವಿದೇಶಗಳಲ್ಲಿ ಅನುಭವವಿದೆ. ಹವಾಯಿ ದ್ವೀಪದ ವಿಶ್ವವಿದ್ಯಾಲಯದ ಕೀಟತಜ್ಞರು 1980ರ ದಶಕದಲ್ಲಿ ಬಸಾಲ್ಟ್ ಕಲ್ಲಿನ ಹರಳುಗಳಿಂದಲೇ ಒರಲೆ ತಡೆಯಬಹುದೆಂದು ತೋರಿಸಿದರು. ಹರಳಿನ ಗಾತ್ರ ಸುಮಾರು 1.7ರಿಂದ 2.4 ಮಿಲಿಮೀಟರ್. ಒರಲೆ ಬಾಯಲ್ಲಿ ಕಚ್ಚಿ ಸರಿಸಲಾಗದಷ್ಟು ದೊಡ್ಡದು, ಸಂದಿಯಲ್ಲಿ ನುಸುಳಲಾಗದಷ್ಟು ಒತ್ತೊತ್ತು. ಆಸ್ಟ್ರೇಲಿಯದಲ್ಲಿ ಗ್ರಾನೈಟ್ ಹರಳಿನಿಂದ ಇದನ್ನೇ ಮಾಡುತ್ತಾರೆ. ಮಲೆನಾಡಿನ ಹುತ್ತ ಕಟ್ಟುವ ಒರಲೆಗಳ ತಲೆಯ ಗಾತ್ರ ಬೇರೆ. ಅದಕ್ಕೆ ತಕ್ಕಂತೆ ಹರಳನ್ನು ಜರಡಿ ಹಿಡಿಯಬೇಕು. ಜಲ್ಲಿ ಕ್ರಷರುಗಳ ಹುಡಿ ಗುಡ್ಡೆ ಬಿದ್ದಿರುವ ಜಿಲ್ಲೆಗಳಿವು. ಶಿವಮೊಗ್ಗ ಜಿಲ್ಲೆಯಲ್ಲಿಯೇ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ, ಅದಕ್ಕೊಂದು ಕೀಟಶಾಸ್ತ್ರ ವಿಭಾಗವೂ ಇದೆ. ಯಾವ ಕೀಟಕ್ಕೆ ಎಷ್ಟು ಮಿಲಿಲೀಟರ್ ಎಂಬ ಕೈಪಿಡಿ ಅಚ್ಚು ಹಾಕುವುದರ ಜೊತೆಗೆ, ನಾಲ್ಕು ಜರಡಿ ಹಿಡಿದು ಸ್ಥಳೀಯ ಒರಲೆಗೆ ತಕ್ಕ ಹರಳಿನ ಅಳತೆಯನ್ನು ಗೊತ್ತುಮಾಡುವುದೂ ಅಂಥ ವಿಭಾಗಗಳ ಕೆಲಸವೇ ಅಲ್ಲವೇ?

ಸರಿಯಾದ ನೆಲ

ಹರಳಿನ ಪದರ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಸೋರದ ನೆಲವೇ ದೊಡ್ಡ ತಡೆ. ಧಮ್ಮಸ್ಸು ಹೊಡೆದ ತುಂಬಿನ ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸಬೇಕು. ಪ್ಲಾಸ್ಟಿಕ್ ವಿರುದ್ಧ ಭಾಷಣ ಮಾಡಿದವರಿಗೆ ಇದು ಇರಿಸುಮುರಿಸಾದೀತು. ಆದರೆ ಐವತ್ತು ವರ್ಷ ನೆಲದಡಿ ಉಳಿದು ನೆಲದ ತೇವ ತಡೆಯುವ ಹಾಳೆಗೂ ಅರ್ಧ ಗಂಟೆಯಲ್ಲಿ ಬಿಸಾಡುವ ಕೈಚೀಲಕ್ಕೂ ವ್ಯತ್ಯಾಸವಿದೆ. ಅದರ ಮೇಲೆ ನಾಲ್ಕು ಇಂಚು ಜಲ್ಲಿ ಕಾಂಕ್ರೀಟ್. ಕಾಂಕ್ರೀಟಿಗೆ ಕನಿಷ್ಠ ಏಳು ದಿನ ನೀರುಣಿಸಬೇಕು. ಇಳಿಜಾರನ್ನು ಕೊಡಬೇಕಾದದ್ದು ಇದರ ಮೇಲಿನ ಗಾರೆಯಲ್ಲಿ, ಮೀಟರಿಗೆ ಒಂದೂವರೆಯಿಂದ ಎರಡು ಸೆಂಟಿಮೀಟರಿನಂತೆ, ನಾಲ್ಕೂ ಮೂಲೆಯಿಂದ ನಾನಿ ಟ್ರ್ಯಾಪಿನ ಕಡೆಗೆ. ಗಾರೆಯನ್ನು ಸಮತಟ್ಟಾಗಿಸಿ, ಟೈಲ್ಸ್ ಕೂರಿಸುವಾಗ ಸುತ್ತಿಗೆಯ ಹಿಡಿಯಿಂದ ತಟ್ಟಿ ಇಳಿಜಾರು ಮಾಡುತ್ತೇನೆನ್ನುವ ಮೇಸ್ತ್ರಿಯನ್ನು ಅಲ್ಲಿಯೇ ತಡೆಯಬೇಕು. ಟೈಲ್ಸಿನ ಸಂದಿಯಲ್ಲಿ ಇಳಿಯುವ ಅಷ್ಟಿಷ್ಟು ನೀರು ಅಡಿಯ ಗಾರೆಯ ಮೇಲೆ ನಿಲ್ಲದೆ ಟ್ರ್ಯಾಪಿನತ್ತ ಸರಿಯಬೇಕಾದರೆ ಆ ಗಾರೆಗೇ ಇಳಿಜಾರು ಬೇಕು.

ಸೋರಿಕೆ ನೆಲದ ನಡುವಿನಿಂದ ಆಗುವುದು ಕಡಿಮೆ. ಅದು ಆಗುವುದು ಗೋಡೆ ಮತ್ತು ನೆಲ ಕೂಡುವ ಮೂಲೆಯಲ್ಲಿ, ಪೈಪು ತೂರಿದ ಸುತ್ತ, ಟ್ರ್ಯಾಪಿನ ಕುತ್ತಿಗೆಯಲ್ಲಿ. ಒರಲೆ ಒಳಬರುವುದೂ ಇದೇ ಮೂರು ಕಡೆಯಿಂದ. ಆದ್ದರಿಂದ ಮೂಲೆಗೆ ಗಾರೆಯ ವಾಟ ಕೊಟ್ಟು ದುಂಡಗೆ ಮಾಡಿ, ನೀರು ನಿರೋಧಕ ಲೇಪವನ್ನು ನೆಲಕ್ಕೆ ಮಾತ್ರ ಬಳಿದು ನಿಲ್ಲಿಸದೆ ಗೋಡೆಯ ಮೇಲೆ ಒಂದಡಿ ಎತ್ತರಕ್ಕೆ, ಸ್ನಾನದ ಬದಿಯಲ್ಲಿ ಆಳೆತ್ತರಕ್ಕೆ ಏರಿಸಬೇಕು.

ಬಳಿಕ ಟ್ರ್ಯಾಪಿನ ಬಾಯಿಗೆ ಮರಳು ತುಂಬಿದ ಬಟ್ಟೆಗಂಟು ತುರುಕಿ ಎರಡು ಇಂಚು ನೀರು ನಿಲ್ಲಿಸಬೇಕು. ಗೋಡೆಯ ಮೇಲೆ ಪೆನ್ಸಿಲ್ ಗೆರೆ. ಮೂರು ದಿನ ಯಾರೂ ಕಾಲಿಡಬಾರದು. ಏಪ್ರಿಲ್ ಬಿಸಿಲಿಗೆ ನೀರು ಆವಿಯಾಯಿತು ಎಂಬ ನೆಪ ಬರುವುದು ಖಂಡಿತ. ಅದಕ್ಕಾಗಿ ಅದೇ ಕೋಣೆಯಲ್ಲಿ ಅಗಲ ಬಾಯಿಯ ಬುಟ್ಟಿಯೊಂದರಲ್ಲಿ ನೀರಿಟ್ಟು ಅದಕ್ಕೂ ಗೆರೆ ಎಳೆಯಬೇಕು. ಬುಟ್ಟಿಯಲ್ಲಿ ಇಳಿದಷ್ಟೇ ನೆಲದ ಮೇಲೂ ಇಳಿದಿದ್ದರೆ ಅದು ಆವಿ. ಹೆಚ್ಚಿಗೆ ಇಳಿದಿದ್ದರೆ ನೆಲ ಸೋರುತ್ತಿದೆ, ಟೈಲ್ಸ್ ಡಬ್ಬಿ ಒಡೆಯಬಾರದು. ಹವಾಮಾನ ಕೇಂದ್ರಗಳು ಆವಿಯ ಪ್ರಮಾಣ ಅಳೆಯುವ ಉಪಾಯವೇ ಇದು. ಖರ್ಚು ಒಂದು ಬುಟ್ಟಿ ನೀರು.

ಟೈಲ್ಸ್ ಕೂರಿಸುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇಕಡಾ ಅರ್ಧದಷ್ಟು ನೀರನ್ನೂ ಹೀರುವುದಿಲ್ಲವಾದ್ದರಿಂದ ಬರಿಯ ಸಿಮೆಂಟ್ ಹಾಲಿಗೆ ಅದು ಸರಿಯಾಗಿ ಕಚ್ಚುವುದಿಲ್ಲ. ಅದಕ್ಕೆಂದೇ ಇರುವ ಅಂಟುಗಾರೆ ಬೇಕು. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಮುದ್ದೆ ಇಟ್ಟು ಕೂರಿಸಿದರೆ ಉಳಿದ ಪೊಳ್ಳೆಲ್ಲ ನೀರಿನ ತೊಟ್ಟಿ. ಸಂದಿಯೇ ಇಲ್ಲದಂತೆ ಒತ್ತರಿಸಿ ಕೂರಿಸುವ ಹೊಸ ಷೋಕಿಯೂ ಬೇಡ. ಎರಡು ಮೂರು ಮಿಲಿಮೀಟರ್ ಸಂದಿ ಬಿಟ್ಟರೆ ಮಾತ್ರ ಅದನ್ನು ತುಂಬಲು ಸಾಧ್ಯ.

ಹೀಗೆ ಕಟ್ಟಿದ ನೆಲವನ್ನೂ ಕೊನೆಯ ದಿನ ಕೆಡಿಸುವ ವಸ್ತುವೊಂದಿದೆ. ಸಿಮೆಂಟ್ ಕಲೆ ತೆಗೆಯಲೆಂದು ಮೇಸ್ತ್ರಿ ತರುವ 'ಆಸಿಡ್' ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಅದು ಕಲೆಯ ಸಿಮೆಂಟನ್ನೂ ಸಂದಿಯ ಸಿಮೆಂಟನ್ನೂ ಬೇರೆಬೇರೆ ಎಂದು ಗುರುತಿಸುವುದಿಲ್ಲ, ಎರಡನ್ನೂ ತಿನ್ನುತ್ತದೆ. ಸಂದಿ ಪೊಳ್ಳಾದ ಮರುದಿನದಿಂದಲೇ ನೀರು ಇಳಿಯತೊಡಗುತ್ತದೆ. ತೊಳೆದ ಆಮ್ಲ ಹರಿಯುವುದು ಬಾಳೆಯ ಬುಡಕ್ಕೋ ಗುಂಡಿಗೋ. ಗುಂಡಿಯಲ್ಲಿ ಮಲಿನವನ್ನು ಅರಗಿಸುವ ಸೂಕ್ಷ್ಮಜೀವಿಗಳ ಗತಿ ಊಹಿಸಬಹುದು. ಬಚ್ಚಲಿನಲ್ಲಿ ಮೊದಲೇ ಬ್ಲೀಚಿಂಗ್ ಪೌಡರ್ ಇದ್ದು ಅದರೊಂದಿಗೆ ಈ ಆಮ್ಲ ಸೇರಿದರೆ ಏಳುವುದು ಕ್ಲೋರಿನ್ ಅನಿಲ. ಸಿಮೆಂಟ್ ಹಸಿಯಿರುವಾಗಲೇ ಒದ್ದೆ ಗೋಣಿಯಿಂದ ಒರೆಸಿದ್ದರೆ ಇದಾವುದೂ ಬೇಕಿರಲಿಲ್ಲ.

ಇಷ್ಟೆಲ್ಲ ಮಾಡಲು ಹಣ ಎಲ್ಲಿದೆ, ಸಮಯ ಎಲ್ಲಿದೆ ಎನ್ನುವವರಿದ್ದಾರೆ. ಕ್ವಾರಿಯ ಚೂರಿಗೆ ಸಾಗಣೆಯ ಬಾಡಿಗೆ ಮಾತ್ರ. ವಿಷದ ಖರ್ಚು ಉಳಿಯುತ್ತದೆ. ಹೆಚ್ಚುವುದು ಕಾಯುವ ದಿನಗಳು: ನೀರುಣಿಸಲು ಏಳು, ಪರೀಕ್ಷೆಗೆ ಮೂರು. ಐದು ವರ್ಷಕ್ಕೆ ನೆಲ ಒಡೆದು ಮತ್ತೆ ಹಾಕಿಸುವುದರ ಲೆಕ್ಕವನ್ನು ಮಾತ್ರ ಯಾರೂ ಹಾಕುವುದಿಲ್ಲ. ಒಂದು ಟನ್ ಸಿಮೆಂಟ್ ತಯಾರಾಗಲು ಸುಮಾರು 600 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಒಡೆದ ಟೈಲ್ಸನ್ನು ಯಾರ ಗದ್ದೆಯ ಬದುವಿಗೆ, ಯಾವ ಹಳ್ಳದ ದಂಡೆಗೆ ಸುರಿಯಲಾಗುತ್ತದೆಂಬುದನ್ನು ನೋಡಲು ಊರ ಹೊರಗೆ ಒಮ್ಮೆ ನಡೆದು ಬಂದರೆ ಸಾಕು. ಮೇಸ್ತ್ರಿಗಳನ್ನೇ ದೂರುವುದೂ ನ್ಯಾಯವಲ್ಲ. ಗುತ್ತಿಗೆ ಚದರಡಿಯ ಲೆಕ್ಕದ್ದು. ಕಾಯುವ ದಿನಕ್ಕೆ ಕೂಲಿಯಿಲ್ಲ. ಧಮ್ಮಸ್ಸು ಹೊಡೆದ ದಿನಕ್ಕೂ, ನೀರು ನಿಲ್ಲಿಸಿ ನೋಡಿದ ದಿನಕ್ಕೂ ಕೂಲಿ ಕೊಡುವ ಮನೆಯಲ್ಲಿ ಅವರೇ ಚೆನ್ನಾಗಿ ಕೆಲಸ ಮಾಡುತ್ತಾರೆ.

ಮನೆ ಕಟ್ಟಲು ಪರವಾನಗಿ ಕೊಡುವುದು ಗ್ರಾಮ ಪಂಚಾಯಿತಿ. ಕುಡಿಯುವ ನೀರಿನ ಬಾವಿಯ ಆಸುಪಾಸಿನಲ್ಲಿ ಪಾಯಕ್ಕೂ ನೆಲಕ್ಕೂ ಕೀಟನಾಶಕ ಸುರಿಯುವಂತಿಲ್ಲ, ತುಂಬಿನ ಮಣ್ಣಿಗಾಗಿ ಧರೆ ಕಡಿಯುವಂತಿಲ್ಲ ಎಂಬ ಎರಡು ಸಾಲು ಆ ಪತ್ರದಲ್ಲಿ ಸೇರಲು ಬೆಂಗಳೂರಿನ ಅಪ್ಪಣೆಗೆ ಕಾಯಬೇಕಾಗಿಲ್ಲ. ಗ್ರಾಮಸಭೆಯಲ್ಲಿ ಠರಾವು ಮಂಡಿಸುವವರು ಬೇಕು, ಅಷ್ಟೇ. ಜೋಗದ ಪಂಪ್ಡ್ ಸ್ಟೋರೇಜ್ ಯೋಜನೆಯ ವಿರುದ್ಧ ಮನವಿಗೆ ಸಹಿ ಸಂಗ್ರಹಿಸಲು ಮನೆಮನೆಗೆ ಹೋಗುವವರು, ಬಚ್ಚಲು ಅಗೆದು ಬಿಟ್ಟ ಮನೆ ಕಂಡರೆ ಒಳಗೆ ಹೋಗಿ ಕೇಳಲಿ. ತುಂಬಿನ ಮಣ್ಣು ಯಾವುದು, ಬಕೆಟ್ಟಿನಲ್ಲಿ ಕಲಕಿಟ್ಟದ್ದು ಏನು, ಬಾವಿ ಎಷ್ಟು ದೂರ ಎಂದು. ತಮ್ಮ ಮನೆಯಿಂದಲೇ ಆರಂಭಿಸಿದರೆ ಕೇಳುವುದು ಸುಲಭವಾದೀತು. ಈ ಬೇಸಿಗೆಯ ಕೆಲಸ ಶುರುವಾಗಲು ಇನ್ನು ಹೆಚ್ಚು ದಿನವಿಲ್ಲ. ಮೇಸ್ತ್ರಿಗಳು ಈಗಾಗಲೇ ಮುಂಗಡ ಹಿಡಿಯುತ್ತಿದ್ದಾರೆ.